ಹಿತವಾದ ದಿನದಲ್ಲಿ ಸಾಹಿತ್ಯದ ತರಗತಿಯನ್ನು ಮರದಡಿಗೆ ಒಯ್ಯುವುದು: ಯಾವ ಪಾಠಕ್ಕೆ, ಯಾವ ಕ್ರಮದಲ್ಲಿ?

ತುಮಕೂರಿನ ಕನ್ನಡ ಉಪನ್ಯಾಸಕಿ

ಬಳಗದ ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗಿನ ಬೆಳಗಿನ ಹೊತ್ತು ನಮ್ಮ ಕಡೆ ಎಷ್ಟು ಹಿತವಾಗಿರುತ್ತದೆ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ. ಅಂಥ ದಿನಗಳಲ್ಲಿ ವಿದ್ಯಾರ್ಥಿಗಳು ತಾವಾಗಿಯೇ ಬಂದು, ಇಂದಿನ ಪಾಠವನ್ನು ಹೊರಗೆ ಮಾಡುವಿರಾ ಎಂದು ಕೇಳುತ್ತಾರೆ. ನಮ್ಮ ಕಟ್ಟಡದ ಹಿಂದೆ ಹೊಂಗೆ ಮರಗಳ ಸಾಲಿದೆ, ಅದರಾಚೆ ಹಳೆಯದೊಂದು ಅರಳಿಕಟ್ಟೆಯಿದೆ. ಈ ಬೇಡಿಕೆಯನ್ನು ಪಾಠ ತಪ್ಪಿಸಿಕೊಳ್ಳುವ ಉಪಾಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಅವಧಿಯಲ್ಲಿ ನಾನು ಕಲಿಸಬೇಕಾದ ಪಠ್ಯಗಳಲ್ಲಿ ಅಕ್ಕಮಹಾದೇವಿಯ ವಚನಗಳಿವೆ, ಕುಮಾರವ್ಯಾಸನ ಒಂದು ಪ್ರಸಂಗವಿದೆ, ಪಂಪನು ಬನವಾಸಿಯನ್ನು ವರ್ಣಿಸುವ ಪದ್ಯಗಳಿವೆ, ಇವಲ್ಲದೆ ಒಂದು ಸಣ್ಣಕತೆ ಮತ್ತು ಒಂದು ವೈಚಾರಿಕ ಪ್ರಬಂಧವಿದೆ. ಇವೆಲ್ಲವನ್ನೂ ಹೊರಗೆ ಒಯ್ಯಬೇಕೆಂದು ನನಗೆ ಅನಿಸುವುದಿಲ್ಲ. ಆದರೆ ಅಕ್ಕ ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿಯನ್ನು, ಕೋಗಿಲೆಯನ್ನು, ತುಂಬಿಯನ್ನು, ಹಂಸೆಯನ್ನು, ನವಿಲನ್ನು ಒಂದಾದ ಮೇಲೊಂದರಂತೆ ಕೇಳುತ್ತ ಹೋಗುವ ವಚನವನ್ನು ನೋಡಿ. ಆಕೆಯ ನೋಟ ಮೊದಲು ಮರದ ಕೊಂಬೆಯಲ್ಲಿರುತ್ತದೆ. ಬಳಿಕ ಹತ್ತಿರ ಬಂದು ಸುಳಿದಾಡುವ ದುಂಬಿಯ ಮೇಲೆ ಇಳಿಯುತ್ತದೆ. ಅಲ್ಲಿಂದ ಕೊಳದ ದಡಕ್ಕೂ ಕೊನೆಗೆ ಬೆಟ್ಟದ ಗುಹೆಗಳಿಗೂ ಸಾಗುತ್ತದೆ. ಕೊಠಡಿಯಲ್ಲಿ ಇದನ್ನು ಓದುವ ವಿದ್ಯಾರ್ಥಿಯ ಕಣ್ಣು ಪುಸ್ತಕದಿಂದ ಮೇಲೇಳುವುದೇ ಇಲ್ಲ. ಹೊರಗಡೆ, ದೂರದಲ್ಲಿ ದೇವರಾಯನದುರ್ಗದ ಬೆಟ್ಟಸಾಲು ಕಾಣುವ ಜಾಗದಲ್ಲಿ ನಿಂತು ಓದಿದರೆ ಪ್ರತಿಯೊಂದು ಸಂಬೋಧನೆಗೂ ಕತ್ತು ತಿರುಗುತ್ತದೆ, ದನಿಯ ಎತ್ತರ ಬದಲಾಗುತ್ತದೆ. ಕೇಳುತ್ತ ಕೇಳುತ್ತ ಉತ್ತರ ದೊರೆಯದೆ ದೂರ ದೂರ ಹೋಗುವ ಆ ಹಂಬಲವನ್ನು ವಿವರಿಸಿ ಹೇಳುವುದು ಕಷ್ಟ. ಓದುವವರ ದೇಹ ಅದನ್ನು ಸುಲಭವಾಗಿ ಹಿಡಿಯುತ್ತದೆ ಎಂಬುದು ನನ್ನ ನಂಬಿಕೆ.

ಆದ್ದರಿಂದ ಅನುಭವಸ್ಥರಲ್ಲಿ ನನ್ನ ಪ್ರಶ್ನೆ ಇದು. ಬಯಲಿನಲ್ಲಿ ಯಾವ ಪಠ್ಯಗಳು ಬೆಳೆಯುತ್ತವೆ, ಯಾವುವು ಕಳೆಗುಂದುತ್ತವೆ? ಎಂಬತ್ತರ ಆಸುಪಾಸಿನ ವಿದ್ಯಾರ್ಥಿಗಳಿರುವ ತರಗತಿಯನ್ನು ಅಲ್ಲಿ ಹೇಗೆ ಕೂರಿಸಬೇಕು?

ನಿವೃತ್ತ ಪ್ರಾಧ್ಯಾಪಕ, ತಿಪಟೂರು

ಉಪನ್ಯಾಸಕಿಯವರ ಕಾಳಜಿಯನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಸಾಹಿತ್ಯದ ಪಾಠವೆಂದರೆ ಮೊದಲಿಗೆ ಪದಗಳ ಮೇಲೆ ಗಮನವನ್ನು ನಿಲ್ಲಿಸುವ ಅಭ್ಯಾಸ. ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿಕೊಳ್ಳಲು, ಅದರ ಸಂಧಿಗಳನ್ನು ಬಿಡಿಸಲು, ಪ್ರಸ್ತಾರ ಹಾಕಿ, ಅಂದರೆ ಅಕ್ಷರಗಳ ಲಘು ಗುರುಗಳನ್ನು ಗುರುತು ಮಾಡಿ, ಗಣಗಳನ್ನು ವಿಂಗಡಿಸಲು ಕಪ್ಪುಹಲಗೆ ಬೇಕು, ಬರೆದುಕೊಳ್ಳಲು ಮೇಜು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಚದುರದ ಸ್ಥಳ ಬೇಕು. ಗೋಡೆಗಳಿರುವುದು ವಿದ್ಯಾರ್ಥಿಗಳನ್ನು ಬಂಧಿಸುವುದಕ್ಕೆಂದು ನಾನು ಎಂದೂ ಭಾವಿಸಿಲ್ಲ. ಗದ್ದಲವನ್ನು ಹೊರಗಿಟ್ಟು ಕವಿಯ ಮಾತನ್ನು ಒಳಗಿಡುವುದೇ ಅವುಗಳ ಕೆಲಸ.

ಬಯಲ ಪಾಠವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎರಡು ಮಾದರಿಗಳನ್ನು ಮುಂದಿಡುತ್ತಾರೆ. ಒಂದು, ಜಗುಲಿಯ ಮೇಲೆ ಮಕ್ಕಳನ್ನು ಕೂರಿಸಿ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದ ನಮ್ಮ ಕೂಲಿಮಠಗಳು. ಇನ್ನೊಂದು, 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಆರಂಭಿಸಿದ ಶಾಲೆ. ಎರಡೂ ಕಡೆ ಗುರುವಿನ ಸುತ್ತ ಇದ್ದದ್ದು ಚಿಕ್ಕ ಗುಂಪು ಎಂಬುದನ್ನು ಮರೆಯಬಾರದು. ಗುರು ಪ್ರತಿಯೊಂದು ಮಗುವಿನ ಮುಖವನ್ನೂ ನೋಡಬಲ್ಲವನಾಗಿದ್ದ. ಎಂಬತ್ತು ಮಂದಿಯನ್ನು ಹೊರಗೆ ಕರೆದೊಯ್ದು, ಕೂರಿಸಿ, ಹಾಜರಿ ಕರೆದು, ಮತ್ತೆ ಒಳಗೆ ಕರೆತರುವಷ್ಟರಲ್ಲಿ ಒಂದು ಗಂಟೆಯ ಅವಧಿಯಲ್ಲಿ ಕಾಲು ಭಾಗ ಕರಗಿಹೋಗುತ್ತದೆ. ಈ ನಷ್ಟಕ್ಕೆ ಸಮನಾದ ಲಾಭವನ್ನು ಯಾರಾದರೂ ತೋರಿಸಿಕೊಟ್ಟರೆ ನನ್ನ ನಿಲುವನ್ನು ಮರುಪರಿಶೀಲಿಸಲು ಸಿದ್ಧನಿದ್ದೇನೆ. ಹವೆ ಹಿತವಾಗಿದೆ ಎಂಬುದಷ್ಟೇ ಕಾರಣವಾದರೆ ಅದು ಸಾಲದು.

ಗಮಕಾಭ್ಯಾಸಿ, ಗುಬ್ಬಿ

ಪ್ರಾಧ್ಯಾಪಕರು ಕೇಳಿದ ಲಾಭವನ್ನು ಷಟ್ಪದಿಯ ಮಟ್ಟಿಗಾದರೂ ತೋರಿಸಬಹುದೆಂದು ನನಗೆ ಅನಿಸುತ್ತದೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಲಕ್ಷಣವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ: ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂಬ ಕ್ರಮದಲ್ಲಿ 14 ಮಾತ್ರೆಗಳು, ಮೂರನೆಯ ಮತ್ತು ಆರನೆಯ ಪಾದಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಸೇರಿ 23 ಮಾತ್ರೆಗಳು. ಪರೀಕ್ಷೆಯಲ್ಲಿ ಇದನ್ನು ಸರಿಯಾಗಿ ಬರೆಯುವ ವಿದ್ಯಾರ್ಥಿಗೆ ಪದ್ಯವನ್ನು ಲಯ ತಪ್ಪದೆ ಓದಲು ಬರುವುದಿಲ್ಲ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇದಕ್ಕೆ ಪರಿಹಾರ ಕಾಲಿನಲ್ಲಿದೆ. ವಿದ್ಯಾರ್ಥಿಗಳನ್ನು ದೊಡ್ಡ ವೃತ್ತದಲ್ಲಿ ನಿಲ್ಲಿಸಿ, ಪ್ರತಿ ಗಣದ ಮೊದಲ ಮಾತ್ರೆಗೆ ಒಂದು ಹೆಜ್ಜೆ ಇಡುವಂತೆ ಹೇಳಿ ಪದ್ಯವನ್ನು ಒಟ್ಟಾಗಿ ಓದಿಸಬೇಕು. ಮೂರು ಮಾತ್ರೆಯ ಹೆಜ್ಜೆ ಬೇಗ ಮುಗಿಯುತ್ತದೆ, ನಾಲ್ಕು ಮಾತ್ರೆಯ ಹೆಜ್ಜೆ ತುಸು ತಡೆಯುತ್ತದೆ. ಈ ಏರುಪೇರೇ ಭಾಮಿನಿಯ ನಡೆ. ಮೂರನೆಯ ಪಾದಕ್ಕೆ ಬಂದಾಗ ನಿಲ್ಲಬೇಕೆಂದುಕೊಂಡ ಕಾಲು ನಿಲ್ಲದೆ ಇನ್ನೂ ಎರಡು ಹೆಜ್ಜೆ ಮುಂದುವರಿದು, ಕೊನೆಯ ಗುರುವಿನ ಮೇಲೆ ಊರಿ ನಿಲ್ಲುತ್ತದೆ. ಕಥೆಯನ್ನು ಮುಂದಕ್ಕೆ ದೂಡುವ ಶಕ್ತಿ ಆ ಉದ್ದನೆಯ ಪಾದದಲ್ಲಿದೆ ಎಂಬುದು ಹೀಗೆ ನಡೆದವರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಉದ್ದನೆಯ ಬೆಂಚುಗಳನ್ನು ಒತ್ತೊತ್ತಾಗಿ ಹಾಕಿರುವ ಕೊಠಡಿಯಲ್ಲಿ ಇದನ್ನು ಮಾಡಲು ಜಾಗವೇ ಇಲ್ಲ. ಮಾಡಿದರೂ ಪಕ್ಕದ ತರಗತಿಯ ಪಾಠ ಕೆಡುತ್ತದೆ. ಎಂಬತ್ತು ಮಂದಿ ಒಟ್ಟಿಗೆ ದನಿ ಎತ್ತಿ ಓದಬೇಕಾದರೆ ಬಯಲೇ ಸರಿಯಾದ ಸ್ಥಳ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಹೀಗೆ ನಡೆದು ಓದುವುದು ಲಯವನ್ನು ಹಿಡಿಯಲು ಮಾತ್ರ. ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಯಾದ ಗಮಕದಲ್ಲಿ ರಾಗ ಮತ್ತು ಭಾವ ಮುಖ್ಯ. ಅಲ್ಲಿ ಅರ್ಥಕ್ಕೆ ತಕ್ಕಂತೆ ಪದವನ್ನು ಬಿಡಿಸಿ ಹಾಡಬೇಕಾಗುತ್ತದೆ. ಹೆಜ್ಜೆಯ ಲಯವನ್ನೇ ಗಮಕವೆಂದು ವಿದ್ಯಾರ್ಥಿಗಳು ತಿಳಿಯಬಾರದು.

ತುಮಕೂರಿನ ಕನ್ನಡ ಉಪನ್ಯಾಸಕಿ

ಗುಬ್ಬಿಯವರ ಸಲಹೆಗೆ ತುಂಬ ಕೃತಜ್ಞಳು. ಪ್ರಾಧ್ಯಾಪಕರ ಮಾತಿನ ಒಂದು ಅಂಶವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಹವೆಯೊಂದೇ ಕಾರಣವಾಗಬಾರದು, ಪಠ್ಯವೇ ಹೊರಗೆ ಕರೆಯಬೇಕು. ಆದರೂ ನನ್ನನ್ನು ಕಾಡುತ್ತಿರುವುದು ದನಿಯ ಸಮಸ್ಯೆ. ಕೊಠಡಿಯಲ್ಲಿ ಕೊನೆಯ ಸಾಲಿಗೂ ತಲುಪುವ ನನ್ನ ದನಿ ಹೊರಗೆ ನಾಲ್ಕನೆಯ ಸಾಲಿಗೇ ಕ್ಷೀಣಿಸುತ್ತದೆ. ಧ್ವನಿವರ್ಧಕವನ್ನು ಬಳಸಲು ಮನಸ್ಸಿಲ್ಲ; ವಚನದ ಸೂಕ್ಷ್ಮ ಅದರಲ್ಲಿ ಉಳಿಯುವುದಿಲ್ಲ.

ಭೌತಶಾಸ್ತ್ರ ಅಧ್ಯಾಪಕ, ಚಿಕ್ಕಬಳ್ಳಾಪುರ

ನಾನು ಸಾಹಿತ್ಯದವನಲ್ಲ, ಆದರೆ ಈ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದು. ತೆರೆದ ಬಯಲಿನಲ್ಲಿ ಮಾತನಾಡುವವರಿಂದ ಇರುವ ದೂರ ಎರಡರಷ್ಟಾದಾಗಲೆಲ್ಲ ದನಿಯ ಮಟ್ಟ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಕೊಠಡಿಯಲ್ಲಿ ಗೋಡೆ ಮತ್ತು ಛಾವಣಿಗಳಿಂದ ಮರಳಿ ಬರುವ ದನಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಬಯಲಿನಲ್ಲಿ ಆ ನೆರವಿಲ್ಲ. ಆದ್ದರಿಂದ ಉದ್ದುದ್ದ ಸಾಲುಗಳನ್ನು ಬಿಟ್ಟು ಅರ್ಧವೃತ್ತಗಳಲ್ಲಿ, ಒಬ್ಬರ ಹಿಂದೆ ಒಬ್ಬರು ಆದಷ್ಟು ಹತ್ತಿರವಾಗಿ ಕುಳಿತುಕೊಳ್ಳುವಂತೆ ಮಾಡಬೇಕು. ಪಾಠ ಮಾಡುವವರ ಬೆನ್ನ ಹಿಂದೆ ಕಟ್ಟಡದ ಗೋಡೆಯಿದ್ದರೆ ದನಿ ಮುಂದಕ್ಕೆ ಮರಳುತ್ತದೆ. ಗಾಳಿ ಬೀಸುವ ದಿಕ್ಕಿಗೆ ದನಿ ಚೆನ್ನಾಗಿ ಸಾಗುವುದರಿಂದ, ಗಾಳಿ ನಿಮ್ಮ ಬೆನ್ನಿನಿಂದ ವಿದ್ಯಾರ್ಥಿಗಳ ಕಡೆಗೆ ಬೀಸುವಂತೆ ನಿಂತುಕೊಳ್ಳಿ.

ನೆರಳಿನ ಲೆಕ್ಕವೂ ಸರಳವಾಗಿದೆ. ಬೆಳಿಗ್ಗೆ ನೆರಳು ಕಟ್ಟಡದ ಮತ್ತು ಮರದ ಪಶ್ಚಿಮಕ್ಕೆ ಬೀಳುತ್ತದೆ, ಹೊತ್ತು ಏರಿದಂತೆ ಬುಡದ ಕಡೆಗೆ ಸರಿಯುತ್ತದೆ. ಹತ್ತು ಗಂಟೆಗೆ ನೆರಳಿನ ಅಂಚಿನಲ್ಲಿ ಕೂತವರು ಹನ್ನೊಂದಕ್ಕೆ ಬಿಸಿಲಿನಲ್ಲಿರುತ್ತಾರೆ. ಅವರ ಗಮನ ಪಾಠದಿಂದ ಬಿಸಿಲಿನ ಕಡೆಗೆ ಹೋಗುವುದು ಸಹಜ. ಆದ್ದರಿಂದ ಮೊದಲೇ ನೆರಳಿನ ಒಳಭಾಗದಲ್ಲಿ ಕೂರಿಸುವುದು ಒಳ್ಳೆಯದು. ಒತ್ತಾಗಿ ಎಲೆ ಹಬ್ಬುವ ಹೊಂಗೆಯ ನೆರಳು ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

ಹಳೆಯ ವಿದ್ಯಾರ್ಥಿನಿ, ಶಿರಾ

ಅಧ್ಯಾಪಕರೆಲ್ಲ ಮಾತನಾಡುತ್ತಿರುವ ಈ ಚರ್ಚೆಯಲ್ಲಿ ನೆಲದ ಮೇಲೆ ಕೂರುವವರ ಕಡೆಯಿಂದ ಎರಡು ಮಾತು ಹೇಳಲು ಅನುಮತಿ ಕೋರುತ್ತೇನೆ. ನಾನು ಪದವಿ ಓದುತ್ತಿದ್ದಾಗ ನಮ್ಮನ್ನು ಆಗಾಗ ಮೈದಾನದಲ್ಲಿ ಕೂರಿಸಿ ಪಾಠ ಮಾಡಲಾಗುತ್ತಿತ್ತು. ಮೊದಲ ಮಹಡಿಯ ಮೊಗಸಾಲೆಯಲ್ಲಿ ಬೇರೆ ತರಗತಿಗಳ ಹುಡುಗರು ಸಾಲಾಗಿ ನಿಂತು ನಮ್ಮನ್ನು ನೋಡುತ್ತಿದ್ದರು. ಅಧ್ಯಾಪಕರಿಗೆ ಅದು ಗಮನಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಅವರು ಆ ಕಡೆಗೆ ಬೆನ್ನು ಮಾಡಿ ನಿಂತಿರುತ್ತಿದ್ದರು. ಹುಡುಗಿಯರಾದ ನಾವು ಇಡೀ ಅವಧಿ ಬಟ್ಟೆ ಸರಿಪಡಿಸಿಕೊಳ್ಳುತ್ತ, ತಲೆ ತಗ್ಗಿಸಿ ಕುಳಿತಿರುತ್ತಿದ್ದೆವು. ಎದ್ದು ನಿಂತು ಒಂದು ಪದ್ಯ ಓದು ಎಂದರೆ ಯಾರೂ ಏಳುತ್ತಿರಲಿಲ್ಲ. ಗಟ್ಟಿಯಾಗಿ ಓದಿಸುವುದೇ ಉದ್ದೇಶವಾದರೆ, ನಾಲ್ಕು ಕಡೆಯಿಂದ ಯಾರೂ ಇಣುಕದ ಜಾಗವನ್ನು ಆರಿಸುವುದು ಗಾಳಿ ಮತ್ತು ನೆರಳಿಗಿಂತ ಮೊದಲಿನ ಕೆಲಸ. ಹಾಸಲು ಜಮಖಾನೆ ಇರಲಿ, ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿ ಇರಲಿ. ಅದನ್ನು ಅವರು ಕೇಳಿ ಪಡೆಯಬೇಕಾದ ಸ್ಥಿತಿ ಬರಬಾರದು.

ನನ್ನ ಗೆಳತಿಯೊಬ್ಬಳಿಗೆ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ, ತುಟಿಯ ಚಲನೆಯನ್ನು ನೋಡಿ ಪಾಠವನ್ನು ಗ್ರಹಿಸುತ್ತಿದ್ದಳು. ಸೂರ್ಯ ಅಧ್ಯಾಪಕರ ಬೆನ್ನ ಹಿಂದಿದ್ದರೆ ಅವರ ಮುಖ ಕಪ್ಪಾಗಿ ಕಂಡು ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಬೆಳಕು ಪಾಠ ಮಾಡುವವರ ಮುಖದ ಮೇಲೆ ಬೀಳುವಂತಿರಬೇಕು ಎಂಬುದನ್ನು ಚಿಕ್ಕಬಳ್ಳಾಪುರದ ಸರ್ ಅವರ ಸಲಹೆಗೆ ಸೇರಿಸಲು ಬಯಸುತ್ತೇನೆ.

ಇನ್ನೊಂದು ವಿಷಯ. ನಮ್ಮ ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಾವ್ಯವನ್ನು ಗಣೆ ಊದಿಕೊಂಡು ಹಾಡುತ್ತಾರೆ. ಗಣೆ ಸಾಮಾನ್ಯ ಕೊಳಲಿಗಿಂತ ಬಹಳ ಉದ್ದನೆಯ ಬಿದಿರಿನ ವಾದ್ಯ. ದನ ಕುರಿ ಮೇಯಿಸುವವರ ನಡುವೆ ಬೆಳೆದ ಆ ಕಾವ್ಯವನ್ನು ನಾನು ಪಠ್ಯದಲ್ಲಿ ಓದಿದಾಗ ಅಡಿಟಿಪ್ಪಣಿಗಳ ಗಂಟಿನಂತೆ ಕಂಡಿತ್ತು. ಹಟ್ಟಿಯ ಬಯಲಿನಲ್ಲಿ ಕೇಳಿದಾಗ, ಗಣೆಯ ದನಿ ಮುಗಿದು ಹಾಡು ಆರಂಭವಾಗುವ ಎಡೆಯಲ್ಲಿ ಕೇಳುಗರು ಉಸಿರು ತೆಗೆದುಕೊಳ್ಳುವುದನ್ನೂ ಗಮನಿಸಿದೆ. ಜನಪದ ಕಾವ್ಯ ಪಠ್ಯದಲ್ಲಿದ್ದರೆ ಕಲಾವಿದರೊಬ್ಬರನ್ನು ಗೌರವಧನ ಕೊಟ್ಟು ಕರೆಸಿ, ಆ ಪಾಠವನ್ನು ಮಾತ್ರ ಖಂಡಿತವಾಗಿ ಹೊರಗೆ ಮಾಡಿರಿ, ಮೇಡಂ.

ಕನ್ನಡ ಅಧ್ಯಾಪಕ, ಕೋಲಾರ

ಶಿರಾದ ಸೋದರಿಯ ಮಾತು ನಮ್ಮಲ್ಲಿ ಹಲವರ ಕಣ್ಣು ತೆರೆಸುವಂತಿದೆ. ನನ್ನ ತಕರಾರು ಪಂಪನ ಪದ್ಯಗಳ ಬಗ್ಗೆ. ಚಂಪಕಮಾಲೆ ಎಂಬ ಛಂದಸ್ಸಿನಲ್ಲಿರುವ ಆ ಪ್ರಸಿದ್ಧ ಪದ್ಯದಲ್ಲಿ ಹೂಬಿಟ್ಟ ಜಾಜಿ, ಸಂಪಿಗೆ, ಸೊಗಯಿಸುವ ಮಾಮರ, ಕೂಗುವ ಕೋಗಿಲೆ, ಹಾಡುವ ದುಂಬಿಗಳಿವೆ. ಅದು ವಸಂತದ ಚಿತ್ರ. ಉಪನ್ಯಾಸಕಿಯವರು ಹೇಳುವ ಹಿತವಾದ ದಿನಗಳು ಕಾರ್ತಿಕದಿಂದ ಪುಷ್ಯದವರೆಗಿನವು. ಆ ಕಾಲದಲ್ಲಿ ನಮ್ಮ ಸೀಮೆಯ ಮಾವು ಇನ್ನೂ ಹೂ ತಳೆದಿರುವುದಿಲ್ಲ, ಕೋಗಿಲೆಯೂ ಹೆಚ್ಚುಕಡಿಮೆ ಮೌನವಾಗಿರುತ್ತದೆ. ಪದ್ಯದಲ್ಲಿ ಒಂದು ಋತು, ಸುತ್ತಲೂ ಇನ್ನೊಂದು ಋತು ಇದ್ದರೆ ಹೊರಗೆ ಕೂತದ್ದರ ಪ್ರಯೋಜನವೇನು? ಶ್ರೀನಿವಾಸಪುರದ ಕಡೆಯ ತೋಪುಗಳಲ್ಲಿ ಮಾವು ಹೂಬಿಟ್ಟು ಕೋಗಿಲೆ ಕೂಗಲು ತೊಡಗಿದ ಮೇಲೆ, ಬಿಸಿಲು ಏರುವ ಮುನ್ನ ಬೆಳಗಿನ ಮೊದಲ ಅವಧಿಯಲ್ಲಿ ಆ ಪದ್ಯವನ್ನು ಓದಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇಲ್ಲಿನ ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಮನೆಮಾತು ತೆಲುಗು. ಹಳಗನ್ನಡವೆಂದರೆ ಅವರಿಗೆ ಎರಡು ಪಟ್ಟು ಅಂಜಿಕೆ. ಮರವನ್ನು, ಹೂವನ್ನು ಕಣ್ಣೆದುರು ತೋರಿಸಿದಾಗ ಆ ಅಂಜಿಕೆ ಬಹಳ ಕಡಿಮೆಯಾಗುವುದನ್ನು ಕಂಡಿದ್ದೇನೆ. ಆದ್ದರಿಂದಲೇ ಋತುವಿನ ವಿಷಯದಲ್ಲಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿವೃತ್ತ ಪ್ರಾಧ್ಯಾಪಕ, ತಿಪಟೂರು

ಕೋಲಾರದ ಮಿತ್ರರ ವಾದ ಸೊಗಸಾಗಿದೆ, ಆದರೆ ಅದು ಆ ಒಂದು ಪದ್ಯಕ್ಕೆ ಮಾತ್ರ ಸಲ್ಲುತ್ತದೆ. ಅದೇ ಸಂದರ್ಭದಲ್ಲಿ ಬರುವ ಇನ್ನೊಂದು ಪದ್ಯವನ್ನು ಗಮನಿಸಿ. ತೆಂಕಣ ಗಾಳಿ, ಅಂದರೆ ದಕ್ಷಿಣದ ಗಾಳಿ, ಸೋಂಕಿದರೆ, ಒಳ್ಳೆಯ ನುಡಿ ಕೇಳಿದರೆ, ಇಂಪಾದ ಗೇಯ ಕಿವಿಗೆ ಬಿದ್ದರೆ, ಬಿರಿದ ಮಲ್ಲಿಗೆ ಕಂಡರೆ, ಯಾರು ಅಂಕುಶವಿಟ್ಟು ತಡೆದರೂ ಮನಸ್ಸು ಬನವಾಸಿ ದೇಶವನ್ನು ನೆನೆಯುತ್ತದೆ ಎಂದು ಅಲ್ಲಿದೆ. ಅದು ಎದುರಿಗಿರುವುದನ್ನು ಕಂಡು ಮಾಡಿದ ವರ್ಣನೆಯಲ್ಲ, ನೆನಪಿನ ಪದ್ಯ. ಮೈಗೆ ತಾಗಿದ ಒಂದು ಗಾಳಿಯಿಂದ, ಕಿವಿಗೆ ಬಿದ್ದ ಒಂದು ರಾಗದಿಂದ, ಎದುರಿಗಿಲ್ಲದ ನಾಡು ಇಡಿಯಾಗಿ ಎದ್ದುಬರುವ ಬಗೆಯನ್ನು ಕವಿ ಹೇಳುತ್ತಿದ್ದಾನೆ. ಮದವೇರಿದ ಆನೆಯನ್ನು ತಡೆಯುವ ಅಂಕುಶ ಆ ಮನಸ್ಸನ್ನು ತಡೆಯಲಾರದು ಎಂಬಲ್ಲಿಗೆ ಪದ್ಯದ ಬಲವೆಲ್ಲ ಬಂದು ನಿಲ್ಲುತ್ತದೆ.

ಈ ಪದ್ಯಕ್ಕೆ ಮಾವು ಹೂಬಿಡಬೇಕಾಗಿಲ್ಲ, ಕೋಗಿಲೆ ಕೂಗಬೇಕಾಗಿಲ್ಲ. ಚರ್ಮಕ್ಕೆ ಗಾಳಿ ತಾಗಿದರೆ ಸಾಕು. ಹಳ್ಳಿಗಳಿಂದ ಬಂದು ತುಮಕೂರಿನ ವಿದ್ಯಾರ್ಥಿನಿಲಯಗಳಲ್ಲಿರುವ ಎಷ್ಟೋ ಮಕ್ಕಳು ನಿಮ್ಮ ತರಗತಿಯಲ್ಲಿರಬಹುದು. ಪದ್ಯವನ್ನು ಎರಡು ಸಲ ಓದಿ, ಕೆಲವು ನಿಮಿಷ ಸುಮ್ಮನಿದ್ದು, ಯಾವ ಗಾಳಿ, ಯಾವ ವಾಸನೆ, ಯಾವ ದನಿ ನಿಮ್ಮ ಊರನ್ನು ನೆನಪಿಗೆ ತರುತ್ತದೆ ಎಂದು ಬರೆಯಿಸಿರಿ. ಕೊಠಡಿಯಲ್ಲಿ ಈ ಪ್ರಶ್ನೆಗೆ ಬರುವ ಉತ್ತರಗಳು ಪುಸ್ತಕದ ಮಾತುಗಳಾಗಿರುತ್ತವೆ. ಈ ಒಂದು ಪಾಠದ ಮಟ್ಟಿಗೆ ಹೊರಗೆ ಹೋಗುವುದರ ಲಾಭ ನನಗೂ ಕಾಣುತ್ತದೆ.

ಆದರೆ ಒಂದು ನಿಬಂಧನೆಯನ್ನು ಸಡಿಲಿಸಲಾರೆ. ಪದಗಳ ಅರ್ಥ, ಅನ್ವಯ, ಪ್ರಸ್ತಾರ ಇವೆಲ್ಲ ಹಿಂದಿನ ದಿನವೇ ಕಪ್ಪುಹಲಗೆಯ ಮೇಲೆ ಮುಗಿದಿರಬೇಕು. ಅರ್ಥವಾಗದ ಪದ್ಯವನ್ನು ಮರದ ಕೆಳಗೆ ಓದಿದರೂ ಅದು ಅರ್ಥವಾಗುವುದಿಲ್ಲ. ಸಣ್ಣಕತೆಯನ್ನೂ ಪ್ರಬಂಧವನ್ನೂ ದಯವಿಟ್ಟು ಒಳಗೇ ಇಟ್ಟುಕೊಳ್ಳಿ. ಪುಟ ತಿರುಗಿಸಿ ಹಿಂದಿನ ವಾಕ್ಯಕ್ಕೆ ಮರಳಬೇಕಾದ ಬರವಣಿಗೆಗೆ ಗಾಳಿ ಶತ್ರು.

ಸಂಶೋಧನಾ ವಿದ್ಯಾರ್ಥಿ, ಚಿಂತಾಮಣಿ

ಕೋಲಾರದವರು ಮನೆಮಾತಿನ ವಿಷಯ ಎತ್ತಿದ್ದರಿಂದ ಒಂದು ಸೇರ್ಪಡೆ. ನಮ್ಮ ಕೈವಾರದ ನಾರೇಯಣ ಯತೀಂದ್ರರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ತತ್ವಪದಗಳನ್ನು ರಚಿಸಿದವರು. ಈ ಗಡಿ ಜಿಲ್ಲೆಗಳಲ್ಲಿ ಎರಡೂ ಭಾಷೆಯ ಪದಗಳನ್ನು ಒಂದೇ ಭಜನೆಯಲ್ಲಿ ಹಾಡುವವರಿದ್ದಾರೆ. ತರಗತಿಯಲ್ಲಿ ಬಾಯಿ ಬಿಡದ ವಿದ್ಯಾರ್ಥಿಗಳು ಹೊರಗೆ ಕುಳಿತು ಮೊದಲು ತಮ್ಮ ಮನೆಮಾತಿನ ಪದವೊಂದನ್ನು ಹಾಡಿ, ಅನಂತರ ಕನ್ನಡದ ಪದಕ್ಕೆ ಬಂದರೆ ದನಿ ತಾನಾಗಿ ತೆರೆದುಕೊಳ್ಳುತ್ತದೆ. ಪಠ್ಯಕ್ರಮದಲ್ಲಿ ತತ್ವಪದಗಳಿರುವ ಅಧ್ಯಾಪಕರು ಇದನ್ನು ಪರಿಶೀಲಿಸಬಹುದು.

ದೇವರಾಯನದುರ್ಗದ ಬಳಿಯ ನಿವಾಸಿ

ಮಕ್ಕಳನ್ನು ನಾಮದ ಚಿಲುಮೆಯ ಕಡೆಗೆ ಅಥವಾ ಬೆಟ್ಟಕ್ಕೆ ಕರೆತರುವ ಆಲೋಚನೆ ಯಾರಿಗಾದರೂ ಇದ್ದರೆ, ಅದು ಅರಣ್ಯ ಪ್ರದೇಶವೆಂಬುದನ್ನು ನೆನಪಿಟ್ಟು ಮೊದಲು ಅನುಮತಿ ಪಡೆಯಿರಿ. ಕಾಲೇಜಿನ ಆವರಣವೇ ಆದರೂ ಹಿಂದಿನ ದಿನ ಮರವನ್ನು ತಲೆಯೆತ್ತಿ ನೋಡಿರಿ. ಎತ್ತರದ ಕೊಂಬೆಗಳಲ್ಲಿ, ಕಟ್ಟಡದ ಸಜ್ಜದ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಹೊಗೆಯಿಂದಲೋ ಕಲ್ಲೇಟಿನಿಂದಲೋ ಅದು ಎದ್ದರೆ ಬಹಳ ಅಪಾಯ. ಜೇನು ಕಂಡ ಮರದಡಿ ತರಗತಿ ಬೇಡವೇ ಬೇಡ. ಬುಡದಲ್ಲಿ ಇರುವೆಗಳ ಗೂಡಿದೆಯೇ ಎಂಬುದನ್ನೂ ನೋಡಿಕೊಳ್ಳುವುದು ಒಳಿತು.

ತುಮಕೂರಿನ ಕನ್ನಡ ಉಪನ್ಯಾಸಕಿ

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡು ಹೀಗೆ ನಿರ್ಧರಿಸಿದ್ದೇನೆ. ತರಗತಿಯನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪು ಹೊರಗಿರುವಾಗ ಇನ್ನೊಂದು ಗುಂಪು ಗ್ರಂಥಾಲಯದಲ್ಲಿ ಸಣ್ಣಕತೆಯನ್ನು ಓದಿ ಟಿಪ್ಪಣಿ ಮಾಡುವಂತೆ ಏರ್ಪಡಿಸಲು ಪ್ರಾಂಶುಪಾಲರ ಒಪ್ಪಿಗೆ ಕೇಳುತ್ತೇನೆ. ಹಾಜರಿಯನ್ನು ಕೊಠಡಿಯಲ್ಲೇ ಕರೆದು ಹೊರಡುತ್ತೇವೆ.

ಅರಳಿಕಟ್ಟೆಯ ಆಸೆಯನ್ನು ಬಿಟ್ಟಿದ್ದೇನೆ, ಏಕೆಂದರೆ ಅದು ರಸ್ತೆಗೂ ಕ್ಯಾಂಟೀನಿಗೂ ನೇರವಾಗಿ ಕಾಣುತ್ತದೆ. ಹೊಂಗೆ ಸಾಲಿನ ತುದಿಯಲ್ಲಿ, ಕಟ್ಟಡದ ಪಶ್ಚಿಮದ ಗೋಡೆ ತಿರುಗುವ ಮೂಲೆಯಲ್ಲಿ ಕಿಟಕಿಗಳಿಲ್ಲದ ಜಾಗವೊಂದಿದೆ. ಬೆಳಗಿನ ಅವಧಿಯಲ್ಲಿ ಅಲ್ಲಿ ಗೋಡೆ ನನ್ನ ಬೆನ್ನಿಗಿರುತ್ತದೆ, ಸೂರ್ಯ ಗೋಡೆಯ ಆಚೆಗಿರುತ್ತದೆ, ಪಶ್ಚಿಮದ ತೆರೆದ ಬಯಲಿನ ಬೆಳಕು ನನ್ನ ಮುಖಕ್ಕೆ ಬೀಳುತ್ತದೆ. ಜೇನು ಮತ್ತು ಇರುವೆಗಳನ್ನು ನೋಡಿಕೊಳ್ಳಲು ತೋಟದ ಕೆಲಸದವರಿಗೆ ಹೇಳಿದ್ದೇನೆ. ಜಮಖಾನೆಗಳು ಸಾಂಸ್ಕೃತಿಕ ವಿಭಾಗದಲ್ಲಿವೆ, ನಾಲ್ಕಾರು ಕುರ್ಚಿಗಳನ್ನು ಯಾರೂ ಕೇಳುವ ಮೊದಲೇ ಹಾಕಿಸುತ್ತೇನೆ.

ಮೊದಲಿಗೆ ಅಕ್ಕನ ವಚನ, ಅನಂತರ ಭಾಮಿನಿಯ ನಡಿಗೆ, ಅದಾದ ಮೇಲೆ ತೆಂಕಣ ಗಾಳಿಯ ಪದ್ಯ. ಮೂರಕ್ಕೂ ಹಿಂದಿನ ದಿನ ಕೊಠಡಿಯಲ್ಲಿ ಅರ್ಥದ ಪಾಠ ಮುಗಿದಿರುತ್ತದೆ. ಮಾಮರ ಮತ್ತು ಕೋಗಿಲೆಗಳ ಪದ್ಯವನ್ನು ಮಾವು ಹೂಬಿಡುವವರೆಗೆ ಮುಂದಕ್ಕೆ ಹಾಕಿದ್ದೇನೆ. ಗುಬ್ಬಿಯವರು ಬಿಡುವು ಮಾಡಿಕೊಂಡು ಭಾಮಿನಿಯ ದಿನ ಬರಲು ಸಾಧ್ಯವೇ ಎಂದು ತಿಳಿಸಿದರೆ ದಿನಾಂಕವನ್ನು ಅವರ ಅನುಕೂಲಕ್ಕೆ ಹೊಂದಿಸುತ್ತೇನೆ. ಶಿರಾದ ಸೋದರಿಯವರೇ, ಗಣೆ ಕಲಾವಿದರನ್ನು ಕರೆಸುವುದಾದರೆ ಅವರ ಪ್ರಯಾಣದ ವೆಚ್ಚ ಮತ್ತು ಗೌರವಧನ ಎಷ್ಟಾಗಬಹುದೆಂದು ವಿಚಾರಿಸಿ ಹೇಳುವಿರಾ? ಮುಂದಿನ ಅವಧಿಯ ಪಠ್ಯದಲ್ಲಿ ಜನಪದ ಕಾವ್ಯದ ಘಟಕವಿದೆ, ವಿಭಾಗದ ಸಭೆಗೆ ಮೊದಲೇ ಅಂದಾಜು ಕೊಡಬೇಕಾಗುತ್ತದೆ.